ಬಡಿಗನ ಬಲಗೈ

ಹಳೆಯ ಸಾಲವೊಂದನ್ನು ಕೇಳಲು ಸಾಹುಕಾರ ಈ ಸಲ ಬಡಿಗನ ಮನೆಗೆ ತಾನೇ ಬಂದಿದ್ದ. ಜೊತೆಗೆ ವಸೂಲಿಯ ಪರಸ್ಯಾನೂ ಇದ್ದ. ಪರಸ್ಯಾ ಒಳಗೆ ಬಂದವನೇ ಬಡಿಗ ಫಕೀರಪ್ಪನ ಬಲಗೈಯನ್ನು ಹಲಗೆಯ ಮೇಲೆ ಒತ್ತಿ ಹಿಡಿದು, ಅವನದೇ ಸುತ್ತಿಗೆಯಿಂದ ಒಂದು ಬೆರಳು ಜಜ್ಜಿದ.

ಫಕೀರಪ್ಪ ಚೀರಿದ. "ಆ ಸಾಲ ತೀರಿ ಆರು ವರ್ಷಾತ್ರೀ ಸಾಹುಕಾರ್ರ! ನಿಮ್ಮ ಮನಷ್ಯಾಗ ನನ್ನ ಹೇಣ್ತಿ ಕೈಯಾಗಿನ ಬಂಗಾರದ ಬಳಿ ಬಿಚ್ಚಿ ಕೊಟ್ಟಾಳ."

"ನನಗ ಒಂದು ಬಳಿನೂ ಮುಟ್ಟಿಲ್ಲ," ಎಂದ ಸಾಹುಕಾರ. "ಯಾವ ಮನಷ್ಯಾ? ಹೆಸರು ಹೇಳು."

"ನಾ ಆಗ ದವಾಖಾನ್ಯಾಗ ಬಿದ್ದಿದ್ನ್ರೀ, ನೋಡಿಲ್ಲ. ಆಕಿನ್ನ ಕೇಳ್ರಿ, ಆಕಿ..."

ಮಾತು ಮುಗಿಯುವ ಮೊದಲೇ ಪರಸ್ಯಾ ಅವನ ಬಾಯಿಗೆ ಗುದ್ದಿದ. "ಸುಳ್ಳ ಬೊಗಳ್ತಾನ್ರೀ ಧಣಿ. ಇನ್ನೊಂದು ಬೆರಳ ಹೋದ್ರ ಖರೇ ಹೇಳ್ತಾನ."

ಎರಡನೇ ಬೆರಳೂ ನುಚ್ಚಾಯಿತು. ಬಾಯ್ತುಂಬ ರಕ್ತ ತುಂಬಿಕೊಂಡು ಕುಸಿದಿದ್ದ ಫಕೀರಪ್ಪನ ತಲೆಯಲ್ಲಿ, ಇನ್ನು ಈ ಕೈ ಉಳಿ ಹಿಡಿಯಲಾರದು ಎಂಬುದೊಂದೇ ಸುತ್ತುತ್ತಿತ್ತು. ಪರಸ್ಯಾ ಮೂರನೇ ಬೆರಳಿಗೆ ಸುತ್ತಿಗೆ ಎತ್ತಿದ.

ನೀರಿಗೆ ಹೋಗಿದ್ದ ಹೆಂಡತಿ ನೀಲವ್ವ ಆಗ ಬಾಗಿಲಿಗೆ ಬಂದಳು. ಗಂಡನ ಕೈ ನೋಡಿದವಳೇ ಕೊಡ ಅಲ್ಲೇ ಬಿಟ್ಟು ಒಳಗೆ ಓಡಿಬಂದಳು. ಸುತ್ತಿಗೆ ಹಿಡಿದವನ ಕಾಲಿಗೆ ಬೀಳಲು ಬಾಗಿ, ಅವನ ಮುಖ ಕಂಡು ಹಾಗೇ ನಿಂತುಬಿಟ್ಟಳು.

"ಯಣ್ಣಾ," ಎಂದಳು, "ಅವತ್ತ ನನ್ನ ಬಳಿ ಬಿಚ್ಚಿಸಿಕೊಂಡು, ಇನ್ನ ಈ ಮನಿ ಕಡೆ ಯಾರೂ ಬರಂಗಿಲ್ಲ ಅಂತ ನೀನ ಅಂದಿದ್ದ್ಯಲ್ಲೋ?"