ಇಬ್ಬರ ಅಳತೆ

ಗಂಡ ಮನೆ ಬಿಟ್ಟುಹೋದದ್ದನ್ನು ವಾರಿಜಾ ಅಲ್ಬೇನಿಯಾದಲ್ಲಿದ್ದ ಅತ್ತೆಗೆ ಹೇಳಿರಲಿಲ್ಲ. ಹೇಳಿದರೆ ಭಾನುವಾರದ ಈ ವಿಡಿಯೊ ಕರೆಯೂ ನಿಂತುಹೋಗಬಹುದು. ಅವಳೊಡನೆ ಮಾತನಾಡಲು ಬೇರೆ ಯಾರೂ ಉಳಿದಿರಲಿಲ್ಲ.

ಅಂದು ಬೈರೆಕ್ ಪಾಠ. ಹಿಟ್ಟಿನ ತೆಳು ಪದರಗಳ ನಡುವೆ ಪಾಲಕ್ ಸೊಪ್ಪು ಹರಡಿ ಬೇಯಿಸಬೇಕು.

“ಇಷ್ಟು ಸಾಕಾ ಅತ್ತೆ?”

“ಚಪಾತಿ ಮಾಡ್ತಿದ್ದೀಯಾ? ಇನ್ನೂ ಲಟ್ಟಿಸು. ಹಾಳೆಯೊಳಗಿಂದ ಅಂಗೈ ಕಾಣಬೇಕು.”

ಬೈರೆಕ್ ಬೆಂದಿತು. ವಾರಿಜಾ ಕ್ಯಾಮೆರಾಗೆ ಕಾಣುವಂತೆ ಎರಡು ತಟ್ಟೆ ಇಟ್ಟಳು.

“ಅವನೆಲ್ಲಿ?”

“ಸ್ನಾನಕ್ಕೆ ಹೋಗಿದ್ದಾರೆ.”

ಅತ್ತೆ ಎದ್ದು ತಮ್ಮ ಅಡುಗೆಮನೆಯ ಬಾಗಿಲು ಮುಚ್ಚಿ ಬಂದು, ದನಿ ತಗ್ಗಿಸಿದರು.

“ತಿಂಗಳಿಂದ ಅವನು ಇಲ್ಲೇ ಉಣ್ತಿದ್ದಾನೆ ಮಗಳೇ. ಮುಂದಿನ ಭಾನುವಾರ ಒಬ್ಬಳಿಗಾಗುವಷ್ಟೇ ಹಿಟ್ಟು ಕಲಸು.”