ಮುತ್ತಿನ ಜ್ವರ

"ಹುಡುಗ ಯಾರು?"

ಸೂಜಿ ಇನ್ನೂ ಚರ್ಮ ಮುಟ್ಟಿರಲಿಲ್ಲ, ವಾರ್ಡನ್ ಮೇಡಂ ವಿಚಾರಣೆ ಶುರು ಮಾಡಿಯೇಬಿಟ್ಟರು. ಹಾಸ್ಟೆಲಿನ ಹುಡುಗಿಯರು ಅವರಿಗೆ ‘ದುರ್ಬೀನು’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಹುಡುಗಿಗೆ ನಾಲ್ಕು ದಿನದಿಂದ ಜ್ವರ. ಉಗುಳು ನುಂಗಿದರೂ ಪ್ರಾಣ ಹೋಗುವಂಥ ಗಂಟಲು ನೋವು. ಬೆಳಿಗ್ಗೆ ಡಾಕ್ಟರು ಕುತ್ತಿಗೆಯ ಗಂಟು ಒತ್ತಿ ನೋಡಿ, ಮಾನೊ ಅನ್ನುವ ವೈರಸ್ ಜ್ವರ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ ಎಂದಿದ್ದರು. ಎಂಜಲಿನಿಂದ ಹರಡುತ್ತದೆ, ಒಂದೇ ಲೋಟ, ಒಂದೇ ಚಮಚ ಸಾಕು ಎಂದೂ ಹೇಳಿದ್ದರು. ಜನ ಇದನ್ನು ‘ಮುತ್ತಿನ ಜ್ವರ’ ಅಂತಲೂ ಅನ್ನುತ್ತಾರೆ ಎಂದು ನಕ್ಕಿದ್ದೇ ತಪ್ಪಾಯಿತು. ಮೇಡಂ ಕಿವಿಗೆ ಲೋಟವೂ ಬೀಳಲಿಲ್ಲ, ಚಮಚವೂ ಬೀಳಲಿಲ್ಲ. ಮುತ್ತೊಂದೇ ಬಿತ್ತು.

ಡಾಕ್ಟರು ಅಷ್ಟಕ್ಕೇ ಬಿಡದೆ, "ನಿಮ್ಮ ದನಿಯೂ ಕಟ್ಟಿದೆಯಲ್ಲ?" ಎಂದು ಮೇಡಂ ಕುತ್ತಿಗೆಯನ್ನೂ ಒತ್ತಿ, ಅವರಿಗೂ ಪರೀಕ್ಷೆ ಬರೆದಿದ್ದರು.

"ಈ ಹುಡುಗೀರ ಮೇಲೆ ಕೂಗಿ ಕೂಗಿ ಕಟ್ಟಿರೋದು ಡಾಕ್ಟ್ರೇ!"

ಲ್ಯಾಬಿನವಳು ಹುಡುಗಿಯ ತೋಳಿಗೆ ಪಟ್ಟಿ ಬಿಗಿದಳು. "ಇರುವೆ ಕಚ್ಚಿದ ಹಾಗಿರುತ್ತೆ, ಅಷ್ಟೇ."

"ಯಾರಿಂದ ಬಂತು ಅಂತ ರಿಪೋರ್ಟಲ್ಲಿ ಬರುತ್ತಾ?" ಮೇಡಂ ಕೇಳಿದರು.

"ರಕ್ತದಲ್ಲಿ ಹೆಸರು, ವಿಳಾಸ ಇರಲ್ಲ ಮೇಡಂ. ಇದೆಯೋ ಇಲ್ವೋ ಅಂತ ಬರುತ್ತೆ. ತೀರಾ ಶುರುವಲ್ಲೇ ನೋಡಿದ್ರೆ ಕೆಲವು ಸಲ ಅದೂ ಗೊತ್ತಾಗಲ್ಲ."

ಇದೆಂಥ ವಿಜ್ಞಾನ ಎಂಬಂತೆ ಮೇಡಂ ಮೂಗು ಮುರಿದರು. ತಮ್ಮ ಸರದಿ ಬಂದಾಗ ಮಾತ್ರ ಕಣ್ಣು ಮುಚ್ಚಿ, ಅದೇ ಪಾಪಿ ಹುಡುಗಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಹೊರಗಿನ ಬೆಂಚಿನ ಮೇಲೆ ತೀರ್ಪು ಹೊರಬಿತ್ತು.

"ಪಾಸಿಟಿವ್ ಬಂದ್ರೆ ನಾಳೇನೇ ಗಂಟುಮೂಟೆ ಕಟ್ಟು. ತಾಯಿಯಿಲ್ಲದ ಮಗಳು ಅಂತ ನಿಮ್ಮಪ್ಪ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದಾರೆ. ಪ್ರತಿ ಭಾನುವಾರ ಬಂದು ನನ್ನ ಆಫೀಸಲ್ಲಿ ಕೂತು ಗಂಟೆಗಟ್ಟಲೆ ನಿನ್ನ ಬಗ್ಗೆ ವಿಚಾರಿಸ್ತಾರೆ. ಅವರ ಮುಖಕ್ಕೆ ಮಸಿ ಬಳಿದೆಯಲ್ಲ!"

ಹುಡುಗಿಗೆ ಅಳು ಉಕ್ಕಿ ಬಂತು. ಮಾಡದ ತಪ್ಪಿಗೆ ಅಪ್ಪ ತಲೆ ತಗ್ಗಿಸಬೇಕಲ್ಲ! ಮೇಡಂ ಮಾತ್ರ ಮೊಬೈಲಿನಲ್ಲಿ ಏನೋ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ಅಪ್ಪನಿಗೆ ಹೋಗುವ ದೂರು ಎಷ್ಟು ಉದ್ದವಿತ್ತೋ!

ರಿಪೋರ್ಟ್ ಬಂತು. ಹುಡುಗಿಯದು ನೆಗೆಟಿವ್. ಮಾಮೂಲಿ ಗಂಟಲು ಸೋಂಕಿರಬೇಕು, ವಾಸಿಯಾಗದಿದ್ದರೆ ಮುಂದಿನ ವಾರ ಇನ್ನೊಮ್ಮೆ ನೋಡೋಣ ಎಂದರು ಡಾಕ್ಟರು.

ಪಾಸಿಟಿವ್ ಬಂದದ್ದು ಮೇಡಂದು.

"ಲೋಟದಿಂದಲೂ ಬರುತ್ತೆ," ಎಂದರು ಮೇಡಂ, ಯಾರೂ ಏನೂ ಕೇಳದಿದ್ದರೂ. "ಚಮಚದಿಂದಲೂ ಬರುತ್ತೆ."

ಹುಡುಗಿ ನಗುವನ್ನು ತುಟಿಯಲ್ಲೇ ಕಚ್ಚಿ ಹಿಡಿದು ಹೊರಗೋಡಿ ಅಪ್ಪನಿಗೆ ಫೋನ್ ಮಾಡಿದಳು.

"ಅಪ್ಪಾ, ನನಗೇನೂ ಇಲ್ವಂತೆ!"

"ಸದ್ಯ, ಬದುಕಿದೆ ಕಣಮ್ಮ." ಅಪ್ಪನ ದನಿ ಒಡೆದ ಮಡಕೆಯಂತಿತ್ತು. ಕೆಮ್ಮಿ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಮತ್ತೆ... ಅವಳದ್ದು ಏನು ಬಂತು?"