ಪರಿಚಿತರ ಸಹಿ

ಎಂ.ಎ. ಮುಗಿದು ಮೂರು ವರ್ಷವಾಗಿತ್ತು. ಇದು ಹದಿನೇಳನೆಯ ಅರ್ಜಿ. ಬರೆಯುವಾಗ ಚಿತ್ತಾದರೆ ಇರಲಿ ಎಂದು ಅವಳು ಎಂದಿನಂತೆ ಎರಡು ಫಾರಂ ತಂದಿದ್ದಳು. ಒಂದನ್ನು ತುಂಬಿ, ಪರಿಚಿತರ ಸಹಿಗಾಗಿ ಕಾಲೇಜಿನ ಮೇಷ್ಟ್ರ ಮುಂದಿಟ್ಟಳು; ಇನ್ನೊಂದು ಕೈಯಲ್ಲೇ ಇತ್ತು.

ಪೆನ್ನು ತೆಗೆದ ಮೇಷ್ಟ್ರು ಓದಿ ಸಿಡುಕಿದರು. “ಜವಾನರ ಕೆಲಸಕ್ಕಾ? ಇದಕ್ಕೇನಮ್ಮ ನಾನು ನಿಂಗೆ ಅರ್ಥಶಾಸ್ತ್ರ ಹೇಳ್ಕೊಟ್ಟಿದ್ದು?”

“ಅರ್ಥಶಾಸ್ತ್ರ ಯಾರಿಗೂ ಬೇಕಾಗಿಲ್ಲ ಸಾರ್. ಅಲೆದು ಅಲೆದು ಚಪ್ಪಲಿ ಸವೀತು, ಅಷ್ಟೇ. ಇದಾದ್ರೆ ಕಾಯಂ ಕೆಲಸ.”

ಮೇಷ್ಟ್ರು ಫಾರಂ ಮತ್ತೆ ಮೊದಲಿಂದ ಓದಿದರು.

“ವಯಸ್ಸಿನ ಮಿತಿ ಎಷ್ಟು?”

“ನಲವತ್ತು. ನಂಗಿನ್ನೂ ಇಪ್ಪತ್ತಾರು ಸಾರ್, ತೊಂದರೆ ಇಲ್ಲ.”

ಅವರು ಸಹಿ ಹಾಕಿದರು. ಹುದ್ದೆಯ ಜಾಗದಲ್ಲಿ ‘ಅತಿಥಿ ಉಪನ್ಯಾಸಕ’ ಎಂದು ಬರೆದರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಆ ಇನ್ನೊಂದು ಫಾರಂ ಖಾಲಿ ಇದ್ಯಲ್ಲ, ಇಲ್ಲಿ ಕೊಡಮ್ಮ.”